ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ? ಕೊಡಗಿನ ಅಡುಗೆಮನೆ, ಅಟ್ಟ, ಅಂಗಳದ ವಸ್ತುಗಳ ಹೆಸರುಗಳು

ಮಂಜಿನಮನೆ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಸಂಪಾಜೆ ಕಡೆಯಲ್ಲಿರುವ ನಮ್ಮ ಅಜ್ಜಿಯ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ, ಹೊಗೆ ಹಿಡಿದು ಕಪ್ಪಾದ ಹಗ್ಗದ ವಸ್ತುವೊಂದು ಸಿಕ್ಕಿತು. ಮೇಲೆ ಒಂದು ಕುಣಿಕೆ, ಅದರಿಂದ ಇಳಿಬಿದ್ದ ನಾಲ್ಕು ಎಳೆಗಳು, ಕೆಳಗೆ ಆ ನಾಲ್ಕನ್ನೂ ಹಿಡಿದಿಟ್ಟ ಬಳೆಯಂತಹ ಹೆಣಿಗೆ. ಮಡಕೆಯನ್ನು ತೂಗುಹಾಕುವ ಸಾಧನವೆಂಬುದು ನೋಡಿದೊಡನೆ ತಿಳಿಯುತ್ತದೆ. ಆದರೆ ಅದರ ಹೆಸರು ನನಗೂ ಗೊತ್ತಿರಲಿಲ್ಲ, ಅಮ್ಮನಿಗೂ ನೆನಪಾಗಲಿಲ್ಲ. ಅಜ್ಜಿ ತೀರಿಕೊಂಡು ಒಂಬತ್ತು ವರ್ಷಗಳಾದವು. ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಅಂದಿನಿಂದ ನಮ್ಮ ಜಿಲ್ಲೆಯ ಮನೆಗಳಲ್ಲಿ ದಿನಬಳಕೆಯ ವಸ್ತುಗಳಿಗಿರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕೆಂದು ತೀರ್ಮಾನಿಸಿದ್ದೇನೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಂದು ಗಂಟೆ ನಿಂತರೆ ಸಾಕು, ಒಂದೇ ತೆಂಗಿನ ಚಿಪ್ಪಿಗೆ ಒಬ್ಬರು ಕರಟ, ಇನ್ನೊಬ್ಬರು ಗೆರಟೆ, ಮತ್ತೊಬ್ಬರು ಚಿರಟ್ಟ ಎನ್ನುವುದನ್ನು ಕೇಳಬಹುದು. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಮತ್ತು ಕುರುಬರ ನುಡಿಗಳು ಒಂದರ ಪಕ್ಕ ಒಂದು ಬದುಕುತ್ತಿರುವುದರಿಂದ ನಮ್ಮ ಕನ್ನಡದಲ್ಲಿಯೂ ಅವುಗಳ ಪದಗಳು ಬೆರೆತಿವೆ.

ದಯವಿಟ್ಟು ಬರಿಯ ಪದವನ್ನು ಬರೆದು ಬಿಡಬೇಡಿ. ಆ ವಸ್ತುವಿನಿಂದ ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದ ಬಳಸುತ್ತೀರಿ, ಯಾವ ಊರಿನಲ್ಲಿ ಯಾರ ಬಾಯಲ್ಲಿ ಕೇಳಿದ್ದೀರಿ ಎಂಬುದನ್ನೂ ತಿಳಿಸಿ. ಜೊತೆಗೆ, ಅಟ್ಟದಲ್ಲಿ ಸಿಕ್ಕಿದ ಆ ಹಗ್ಗದ ವಸ್ತುವಿನ ಹೆಸರು ಯಾರಿಗಾದರೂ ತಿಳಿದಿದ್ದರೆ ಹೇಳಿ.

ಹಾರಂಗಿತೀರ, ಶನಿವಾರಸಂತೆಯ ತವರು, ಈಗ ಭಾಗಮಂಡಲದ ಹತ್ತಿರ ವಾಸ

ಕ್ರಿಯಾಪದವನ್ನೂ ಬರೆಯಿರಿ ಎಂದು ನೀವು ಹೇಳಿದ್ದು ಬಹಳ ಸರಿ. ನನ್ನ ಅನುಭವವೆಲ್ಲವೂ ಅಲ್ಲಿಯೇ ಇದೆ.

ಶನಿವಾರಸಂತೆಯ ಕನ್ನಡ ಹಾಸನದ ಕಡೆಯ ಕನ್ನಡಕ್ಕೆ ಹತ್ತಿರ. ನಮ್ಮಲ್ಲಿ ನೀರು ತರುವುದು ಬಿಂದಿಗೆಯಲ್ಲಿ, ಸೌದೆ ಕಡಿಯುವುದು ಮಚ್ಚಿನಲ್ಲಿ, ತರಕಾರಿ ಹೆಚ್ಚುವುದು ಈಳಿಗೆಮಣೆಯಲ್ಲಿ. ಮದುವೆಯಾಗಿ ಅರೆಭಾಷೆ ಮಾತನಾಡುವ ಮನೆಗೆ ಬಂದಾಗ ಬಿಂದಿಗೆ ಕೊಡಪಾನವಾಯಿತು, ಮಚ್ಚು ಕತ್ತಿಯಾಯಿತು, ಈಳಿಗೆಮಣೆ ಮೆಟ್ಟುಕತ್ತಿಯಾಯಿತು. ಕತ್ತಿ ಎಂದರೆ ನನ್ನ ಮನಸ್ಸಿನಲ್ಲಿ ರಾಜರು ಹಿಡಿಯುವ ಖಡ್ಗದ ಚಿತ್ರವಿತ್ತು. ಮಾವನವರು ಮೊದಲ ದಿನ ಬೆಳಿಗ್ಗೆ “ಕತ್ತಿ ಎಲ್ಲಿದೆ, ತೋಟಕ್ಕೆ ಹೋಗಬೇಕು” ಎಂದು ಕೇಳಿದಾಗ ನಾನು ಗೋಡೆಯ ಮೇಲೆಲ್ಲ ಹುಡುಕಿದೆ. ಅದು ಬಾಗಿಲ ಹಿಂದೆ, ಮೂಲೆಯಲ್ಲಿ, ಹಿಡಿಯ ಮೇಲೆ ಕಾಫಿ ಗಿಡದ ಅಂಟು ಮೆತ್ತಿಕೊಂಡು ನಿಂತಿತ್ತು.

ಹೆಸರುಗಳನ್ನು ಒಂದು ವಾರದಲ್ಲಿ ಕಲಿತೆ. ಕ್ರಿಯಾಪದ ನನ್ನನ್ನು ಹೆಚ್ಚು ಕಾಲ ಕಾಡಿತು. ಮನೆಯಲ್ಲಿ ನೆಂಟರಿದ್ದ ಒಂದು ದಿನ ಅತ್ತೆಯವರು ತುರಿದ ಕಾಯಿ, ಹುರಿದ ಕೊತ್ತಂಬರಿ, ಮೆಣಸುಗಳನ್ನು ಒಂದು ತಟ್ಟೆಯಲ್ಲಿ ನನ್ನ ಮುಂದಿಟ್ಟು “ಇದನ್ನು ಸ್ವಲ್ಪ ಕಡೆದು ಕೊಡು ಮಗಾ” ಎಂದರು. ನಮ್ಮ ಕಡೆ ಕಡೆಯುವುದು ಮಜ್ಜಿಗೆಯನ್ನು ಮಾತ್ರ, ಅದಕ್ಕೆ ಬೇಕಾದುದು ಕಡಗೋಲು. ಮಸಾಲೆಯನ್ನು ರುಬ್ಬುತ್ತೇವೆ, ನುಣ್ಣಗೆ ಬೇಕಾದರೆ ಅರೆಯುತ್ತೇವೆ. ನಾನು ಕಡಗೋಲನ್ನು ಹಿಡಿದು ಆ ತಟ್ಟೆಯ ಮುಂದೆ ನಿಂತಿದ್ದೆ. ಅತ್ತೆಯವರು ನಗಲಿಲ್ಲ. ನನ್ನ ಕೈ ಹಿಡಿದು ಹಿಂದಿನ ಜಗುಲಿಗೆ ಕರೆದುಕೊಂಡು ಹೋಗಿ, ಕಲ್ಲಿನ ಮೇಲೆ ನೀರು ಚಿಮುಕಿಸಿ, “ಇದು ಕಡೆಯುವ ಕಲ್ಲು. ನಿಮ್ಮಲ್ಲಿ ಏನು ಹೇಳುತ್ತೀರಿ?” ಎಂದು ಕೇಳಿದರು. ಒರಳುಕಲ್ಲು ಎಂದೆ. ಅಂದಿನಿಂದ ಅವರು ನನ್ನೊಡನೆ ಮಾತನಾಡುವಾಗ ಮಾತ್ರ ಒರಳುಕಲ್ಲು ಎನ್ನುತ್ತಿದ್ದರು, ನಾನು ಅವರೊಡನೆ ಕಡೆಯುವ ಕಲ್ಲು ಎನ್ನುತ್ತಿದ್ದೆ. ಹದಿನೆಂಟು ವರ್ಷ ಹೀಗೆಯೇ ನಡೆಯಿತು.

ಪೊರಕೆಯ ವಿಷಯವನ್ನು ಬೇರೆಯವರು ಬರೆಯಲಿ. ನಮ್ಮ ಕಡೆ ಪರಕೆ ಎಂದೂ ಬರಲು ಎಂದೂ ಹೇಳುತ್ತಿದ್ದೆವು, ಇಲ್ಲಿ ಹಿಡಿಸೂಡಿ.

ಐಮರ, ನಾಪೋಕ್ಲು

ಚರ್ಚೆ ಚೆನ್ನಾಗಿದೆ. ಆದರೆ ಆರಂಭದಲ್ಲಿಯೇ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇಂತಹ ಪಟ್ಟಿಗಳಲ್ಲಿ ಕೊಡವ ತಕ್ಕಿನ ಪದಗಳನ್ನು “ಕೊಡಗಿನ ಆಡುಮಾತು” ಎಂದು ಕನ್ನಡದ ಕೆಳಗೆ ಸೇರಿಸುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಕೊಡವ ತಕ್ಕ್ ಕನ್ನಡದ ಉಪಭಾಷೆಯಲ್ಲ, ಅದು ದ್ರಾವಿಡ ಕುಟುಂಬದ ಸ್ವತಂತ್ರ ಭಾಷೆ. ಕನ್ನಡ ಲಿಪಿಯಲ್ಲಿ ಗುರುತಿಸಲಾಗದ ಸ್ವರಗಳು ನಮ್ಮ ಮಾತಿನಲ್ಲಿವೆ, ಆದ್ದರಿಂದ ನಾನು ಇಲ್ಲಿ ಬರೆಯುವ ಪದಗಳನ್ನು ಓದಿದವರು ನಮ್ಮವರೊಬ್ಬರ ಬಾಯಲ್ಲಿ ಒಮ್ಮೆ ಕೇಳಿದರೆ ಮಾತ್ರ ಸರಿಯಾದ ಉಚ್ಚಾರ ತಿಳಿಯುತ್ತದೆ. ಕನ್ನಡ ಮಾತನಾಡುವ ನೆರೆಹೊರೆಯವರು ನಮ್ಮ ಪದಗಳನ್ನು ತಮ್ಮ ಮಾತಿನಲ್ಲಿ ಬಳಸಿದರೆ ನನಗೆ ಸಂತೋಷವೇ, ಆದರೆ ಯಾವುದು ಯಾವ ಭಾಷೆಯಿಂದ ಬಂದಿತು ಎಂಬುದು ದಾಖಲಾಗಲಿ.

ಈಗ ವಸ್ತುಗಳ ವಿಷಯಕ್ಕೆ ಬರುತ್ತೇನೆ. ನನ್ನ ಹೆಸರಿನಿಂದಲೇ ಆರಂಭಿಸುವೆ. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಮುಂದಿನ ಜಗುಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಸಿರುವ, ಕುಳಿತುಕೊಳ್ಳುವ ದಪ್ಪ ಮರದ ಹಲಗೆಯೇ ಐಮರ. ನಮ್ಮ ಮನೆಯ ಐಮರದ ಮಧ್ಯಭಾಗ ತಲೆಮಾರುಗಳಿಂದ ಜನ ಕುಳಿತು ಸವೆದು, ಸ್ವಲ್ಪ ತಗ್ಗಾಗಿ, ಕನ್ನಡಿಯಂತೆ ನುಣುಪಾಗಿದೆ. ಮಳೆಗಾಲದಲ್ಲಿ ಅಂಗೈ ಇಟ್ಟರೆ ಬೇರೆಲ್ಲ ಮರಗಳಿಗಿಂತ ಅದು ಬೆಚ್ಚಗಿರುತ್ತದೆ ಎಂದು ನನಗೆ ಚಿಕ್ಕಂದಿನಿಂದಲೂ ಅನ್ನಿಸುತ್ತದೆ. ಒಳಗಿನ ನಡುಮನೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುವ ದೀಪ ತೂಕ್‌ಬೊಳ್ಚ. ಮೂರು ಕಾಲಿನ ಪೀಠ ಮುಕ್ಕಾಲಿ, ಮದುವೆಯಲ್ಲಿ ವಧೂವರರನ್ನು ಅದರ ಮೇಲೆಯೇ ಕೂರಿಸುತ್ತೇವೆ. ತಟ್ಟೆಗೆ ತಳಿಯ ಎನ್ನುತ್ತೇವೆ. ತಟ್ಟೆಯಲ್ಲಿ ಹಿಟ್ಟು ಸುರಿದು ಹಬೆಯಲ್ಲಿ ಬೇಯಿಸಿದ ಪುಟ್ಟಿಗೆ ತಳಿಯಪುಟ್ಟ್ ಎಂಬ ಹೆಸರು ಬಂದದ್ದು ಹಾಗೆ. ಕನ್ನಡದ ಹಳೆಯ ತಳಿಗೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು.

ಹೊರಗಿನವರಿಗೆ ಆಶ್ಚರ್ಯವೆನಿಸಬಹುದಾದ ಒಂದು ಮನೆವಸ್ತು ತೋಕ್. ನಮ್ಮ ಊರಿನ ಕನ್ನಡದಲ್ಲಿ ಇದು ಕೋವಿ. ಬಂದೂಕು ಎಂಬುದು ಪತ್ರಿಕೆಯ ಮಾತು, ಮನೆಯಲ್ಲಿ ಯಾರೂ ಬಳಸುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಅದು ನೇಗಿಲಿನಂತೆ, ಕತ್ತಿಯಂತೆ ಮನೆಯ ಸಾಮಾನುಗಳಲ್ಲೊಂದಾಗಿದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೈಲ್ ಮುಹೂರ್ತ, ಆಯುಧಗಳ ಹಬ್ಬ) ದಿನ ಅದನ್ನು ಶುಚಿ ಮಾಡಿ, ನಳಿಗೆಗೆ ತೋಕ್‌ಪೂ ಎಂಬ ಕಾಡುಹೂವನ್ನು ಸಿಕ್ಕಿಸಿ, ಕತ್ತಿಗಳ ಜೊತೆಯಲ್ಲಿ ಪೂಜಿಸುತ್ತೇವೆ.

ಮಂಜಿನಮನೆ, ಮಡಿಕೇರಿ

ಐಮರ ಅವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಒಂದು, ಅರೆಭಾಷೆಗೆ ಇನ್ನೊಂದು ಅಕಾಡೆಮಿ ಇರುವಾಗ, ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತರುವುದು ನ್ಯಾಯವಲ್ಲ. ನನ್ನ ಟಿಪ್ಪಣಿಪುಸ್ತಕದಲ್ಲಿ ಪ್ರತಿ ಪದದ ಎದುರು ಭಾಷೆಯ ಹೆಸರನ್ನೂ ಊರನ್ನೂ ಬರೆಯುತ್ತೇನೆ.

ಒಂದು ಗಮನಾರ್ಹ ಅಂಶವನ್ನೂ ಇಲ್ಲಿ ಸೇರಿಸಬೇಕು. ನೀವು ಪುತ್ತರಿ ಎನ್ನುವ ಹಬ್ಬವನ್ನು ನಾವು ಹುತ್ತರಿ ಎನ್ನುತ್ತೇವೆ, ನಿಮ್ಮ ಪಾಲ್ ನಮ್ಮ ಹಾಲು. ಹಳೆಯ ಪಕಾರವನ್ನು ಕೊಡವ ತಕ್ಕ್ ಉಳಿಸಿಕೊಂಡಿದೆ, ಕನ್ನಡ ಅದನ್ನು ಹಕಾರ ಮಾಡಿಕೊಂಡಿದೆ. ಆದ್ದರಿಂದ ಕಿವಿಗೆ ದೂರವೆನಿಸುವ ಎರಡು ಪದಗಳು ಹಲವು ವೇಳೆ ಒಂದೇ ಪದವಾಗಿರುತ್ತವೆ.

ಒಳ್ಳೆಮೆಣಸು, ಸಿದ್ದಾಪುರ

ನಮ್ಮ ಮನೆಯ ಮಾತು ಮಲಯಾಳಂ, ಓದಿದ್ದು ಕನ್ನಡ. ಮಂಜಿನಮನೆಯವರು ಹೇಳಿದ ಧ್ವನಿಯ ನಂಟನ್ನು ಮುಂದುವರಿಸಲು ಅನುಮತಿ ಕೊಡಿ, ಏಕೆಂದರೆ ಇದು ನನಗೆ ಬಹಳ ಪ್ರಿಯವಾದ ವಿಷಯ.

ಕಾಯಿ ತುರಿಯುವ ಸಾಧನಕ್ಕೆ ನಾವು ಚಿರವ ಎನ್ನುತ್ತೇವೆ. ಕುಶಾಲನಗರದ ಕಡೆ ತುರಿಮಣೆ, ಸುಳ್ಯದ ಕಡೆಯವರು ಹೆರೆಮಣೆ ಎಂದೂ ಕೆರೆಮಣೆ ಎಂದೂ ಹೇಳುತ್ತಾರೆ. ಬಹಳ ವರ್ಷ ನಾನು ಇವನ್ನು ಒಂದಕ್ಕೊಂದು ಸಂಬಂಧವಿಲ್ಲದ ಪದಗಳೆಂದು ಭಾವಿಸಿದ್ದೆ. ಆದರೆ ಕನ್ನಡದ ಕಿವಿ ಮಲಯಾಳದಲ್ಲಿ ಚೆವಿ, ಕನ್ನಡದ ಕೆರೆ ಮಲಯಾಳದಲ್ಲಿ ಚಿರ, ಕನ್ನಡದ ಗೆಯ್ ಮಲಯಾಳದಲ್ಲಿ ಚೆಯ್. ಈ ದಾರಿಯಲ್ಲಿ ನಡೆದರೆ, ಚರ್ಮವನ್ನು ಕೆರೆಯುವುದು ಎನ್ನುವಾಗಿನ ಕೆರೆ ಎಂಬ ಧಾತುವೇ ಕೆರೆಮಣೆಯಲ್ಲಿಯೂ ಚಿರವದಲ್ಲಿಯೂ ಇರುವುದು ಕಾಣುತ್ತದೆ. ಗೆರಟೆಯೂ ಚಿರಟ್ಟವೂ ಹಾಗೆಯೇ. ಸಂತೆಯಲ್ಲಿ ಕೇಳಿದ ಮೂರು ಹೆಸರುಗಳು ಒಂದೇ ಮನೆಯಿಂದ ಹೊರಟು ಮೂರು ದಾರಿ ಹಿಡಿದು ಮತ್ತೆ ಮಡಿಕೇರಿಯ ಸಂತೆಯಲ್ಲಿ ಸೇರಿವೆ.

ಇನ್ನೊಂದು ಜೋಡಿ ಇದಕ್ಕಿಂತಲೂ ಸೊಗಸಾಗಿದೆ. ಕನ್ನಡದಲ್ಲಿ ಹೆಂಚು ಎಂದರೆ ಮಾಡಿಗೆ ಹೊದಿಸುವುದೂ ಹೌದು, ರೊಟ್ಟಿ ಸುಡುವುದೂ ಹೌದು. ತುಳುವಿನಲ್ಲಿ ಓಡು ಎಂಬ ಪದ ಇವೆರಡಕ್ಕೂ ಸಲ್ಲುತ್ತದೆ. ಮಣ್ಣಿನ ಓಡಿನ ಮೇಲೆ ಹುಯ್ದ ಓಡುದೋಸೆಯನ್ನು ಸಂಪಾಜೆ ಘಟ್ಟದ ಕೆಳಗಿನವರೆಲ್ಲ ಬಲ್ಲರು. ನಮ್ಮಲ್ಲಿಯೂ ಮಾಡಿನ ಹೆಂಚಿಗೆ ಓಡು ಎಂದೇ ಹೆಸರು. ಎರಡು ಭಾಷೆಗಳು ಎರಡು ಬೇರೆ ಪದಗಳನ್ನು ಆರಿಸಿಕೊಂಡರೂ ಮಾಡನ್ನೂ ಒಲೆಯನ್ನೂ ಒಂದೇ ಪದದಲ್ಲಿ ಕಟ್ಟಿದವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು ಯಂತ್ರದ ಹೆಂಚು ಎಲ್ಲೆಡೆ ಹರಡುವ ಮೊದಲು ಇದ್ದದ್ದು ಕುಂಬಾರರ ಕೈಯ ನಾಡಹೆಂಚು. ಒಂದೇ ಮಣ್ಣು, ಒಂದೇ ಆವಿಗೆ, ಒಂದೇ ಕೈ, ಆದ್ದರಿಂದ ಹೆಸರೂ ಒಂದೇ ಆಗಿರಬೇಕೆಂದು ನನ್ನ ಅಭಿಪ್ರಾಯ.

ಅಟ್ಟದಲ್ಲಿ ಸಿಕ್ಕಿದ ವಸ್ತುವಿಗೆ ನಾವು ಉರಿ ಎನ್ನುತ್ತೇವೆ. ಕನ್ನಡದ ಬೆಂಕಿಯ ಉರಿಯಲ್ಲ, ಅದು ಬೇರೆ ಪದ. ನಿಮ್ಮ ಅಜ್ಜಿ ಏನೆನ್ನುತ್ತಿದ್ದರೋ ಅದನ್ನು ಆ ಕಡೆಯವರೇ ಹೇಳಬೇಕು.

ಸಾಮಾನಿನಂಗಡಿ, ಕುಶಾಲನಗರ

ನಾನು ಪಾತ್ರೆ ವ್ಯಾಪಾರದವನು. ಗ್ರಾಹಕರು ಡಬರಿ, ತಪ್ಪಲೆ, ಬೋಗುಣಿ, ಚಟ್ಟಿ ಎಂದು ಕೇಳಿಕೊಂಡು ಬರುತ್ತಾರೆ, ಈಗಿನ ಮಕ್ಕಳು ಎಲ್ಲಕ್ಕೂ ಪಾತ್ರೆ ಎನ್ನುತ್ತಾರೆ. ಬಕೆಟ್ಟಿಗೆ ಬಾಲ್ದಿ ಎನ್ನುವವರು ಕರಾವಳಿಯ ಮೂಲದವರೆಂದು ಕೇಳಿದೊಡನೆ ಗೊತ್ತಾಗುತ್ತದೆ. ಆ ಪದ ಪೋರ್ಚುಗೀಸರಿಂದ ಬಂದದ್ದು. ಇಷ್ಟಾಗಿಯೂ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ವಸ್ತುವೇ ಬಳಕೆಯಿಂದ ಹೋದ ಮೇಲೆ ಹೆಸರನ್ನು ಉಳಿಸಿ ಏನು ಪ್ರಯೋಜನ? ಮಿಕ್ಸಿ ಬಂದ ಮನೆಯಲ್ಲಿ ಕಡೆಯುವ ಕಲ್ಲಿನ ಹೆಸರು ಮಕ್ಕಳಿಗೆ ಏಕೆ ಬೇಕು?

ಹನ್ನೆರಡುತೊಲೆ, ಮಡಿಕೇರಿ ತಾಲ್ಲೂಕು

ಅಂಗಡಿಯವರ ಪ್ರಶ್ನೆಗೆ ಉತ್ತರಿಸಬೇಕೆಂದೇ ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಬೆಟ್ಟಗಳು ಜಾರಿದವಲ್ಲ, ಆಗ ನಮ್ಮ ಮನೆಯೂ ಹೋಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಉಟ್ಟ ಬಟ್ಟೆಯ ಹೊರತು ಬೇರೇನನ್ನೂ ತರಲಾಗಲಿಲ್ಲ.

ಪರಿಹಾರ ಕೇಂದ್ರದಲ್ಲಿ ನಷ್ಟದ ವಿವರ ಬರೆದುಕೊಳ್ಳಲು ಒಬ್ಬ ಹುಡುಗ ಬಂದಿದ್ದ. ಹೊರಜಿಲ್ಲೆಯವನು, ಬಹಳ ಸಹನೆಯಿಂದ ಕೇಳುತ್ತಿದ್ದ. ಅವನ ಕೈಯಲ್ಲಿದ್ದ ಹಾಳೆಯಲ್ಲಿ ದೂರದರ್ಶನ, ಫ್ರಿಜ್, ಮಂಚ, ಬೀರು ಎಂದು ಮೊದಲೇ ಅಚ್ಚಾಗಿತ್ತು. ನಮ್ಮ ಅಮ್ಮ ಹೆರೆಮಣೆ ಎಂದರು. ಅವನು ಪೆನ್ನು ಎತ್ತಿ ಹಾಗೆಂದರೇನು ಎಂದು ಕೇಳಿದ. ಗೊರಬು ಎಂದರು, ಸಿಂಬೆ ಎಂದರು, ಹೆಡಿಗೆ ಎಂದರು. ಮಳೆಯಲ್ಲಿ ನಾಟಿ ಮಾಡುವಾಗ ಬೆನ್ನಿಗೆ ಹೊದ್ದುಕೊಳ್ಳುವ, ಬಿದಿರು ಮತ್ತು ಎಲೆಯಿಂದ ಹೆಣೆದ ಗೊರಬನ್ನು ಒಂದು ಪದದಲ್ಲಿ ಅವನಿಗೆ ಹೇಗೆ ವಿವರಿಸಬೇಕೆಂದು ನನಗೂ ತೋಚಲಿಲ್ಲ. ಕೊನೆಗೆ ಅವನು “ಮನೆಬಳಕೆಯ ಇತರೆ ಸಾಮಾನು” ಎಂದು ಒಂದೇ ಸಾಲು ಬರೆದುಕೊಂಡು ಹೋದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಆದರೆ ಐವತ್ತು ವರ್ಷ ನಡೆಸಿದ ಮನೆ ಒಂದು ಸಾಲಾದದ್ದನ್ನು ಅಮ್ಮ ನೋಡಿದರು.

ಅಂದು ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಕತ್ತಲೆಯಲ್ಲಿ ಮಲಗಿಕೊಂಡೇ ಅಡುಗೆಮನೆಯ ಬಾಗಿಲಿನಿಂದ ಆರಂಭಿಸಿ ಒಂದೊಂದೇ ಹೆಸರನ್ನು ಹೇಳತೊಡಗಿದರು. ಬಾಗಿಲಿನ ಎಡಕ್ಕೆ ಕೊಡಪಾನ, ಅದರ ಕೆಳಗೆ ಸಿಂಬೆ. ಸಿಂಬೆಯ ಪಕ್ಕ ಮೆಟ್ಟುಕತ್ತಿ, ಹಿಡಿಯ ಒಂದು ಕಡೆ ಸೀಳಿದ್ದು. ಒಲೆ, ಕೋಡೊಲೆ, ಊದುಗೊಳವೆ. ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ಸೌತೆಕಾಯಿ, ಗೆರಸೆ, ಹಳೆಯ ಸೇರು, ಪಾವು. ನಾನು ಯಾರದ್ದೋ ಮಗುವಿನ ಶಾಲಾ ಪುಸ್ತಕವನ್ನು ಕೇಳಿ ಪಡೆದು ಮೊಬೈಲಿನ ಬೆಳಕಿನಲ್ಲಿ ಬರೆದುಕೊಂಡೆ. ಒಟ್ಟು 73 ಹೆಸರುಗಳಾದವು. ಈಗ ನಮಗೆ ಹೊಸ ಮನೆಯಿದೆ, ಮಿಕ್ಸಿಯೂ ಇದೆ. ಆ ಹಳೆಯ ಮನೆಗೆ ಸಂಬಂಧಿಸಿ ನಮ್ಮ ಬಳಿ ಉಳಿದಿರುವುದು ಆ ಪುಸ್ತಕ ಮಾತ್ರ.

ಸಾಮಾನಿನಂಗಡಿ, ಕುಶಾಲನಗರ

ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ನನ್ನ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಂದಿನಿಂದ ಬಿಲ್ಲಿನಲ್ಲಿ ಗ್ರಾಹಕರು ಕೇಳಿದ ಹೆಸರನ್ನೇ ಬರೆಯುತ್ತೇನೆ. ಮೂವತ್ತು ವರ್ಷಗಳ ಹಿಂದಿನ ನಮ್ಮ ತಂದೆಯವರ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆ, ಅವುಗಳಲ್ಲಿ ಇಂತಹ ಹೆಸರುಗಳು ಇರಬೇಕು. ಹುಡುಕಿ ತಿಳಿಸುತ್ತೇನೆ.

ಘಟ್ಟದತಿರುವು, ಸಂಪಾಜೆ

ಹನ್ನೆರಡುತೊಲೆ ಅಣ್ಣ, ಆ 73 ಹೆಸರುಗಳನ್ನೂ ಅಮ್ಮನ ಒಪ್ಪಿಗೆ ಪಡೆದು ಇಲ್ಲಿ ಹಾಕಬೇಕೆಂದು ವಿನಂತಿ. ಅವರು ಹೇಳಿದ ಕ್ರಮದಲ್ಲಿಯೇ ಇರಲಿ, ಅಕ್ಷರಮಾಲೆಯ ಕ್ರಮಕ್ಕೆ ತರಬೇಡಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಆ ಮನೆಯ ಮಾತಿನ ಭಾಗವೇ.

ನಮ್ಮ ಊರಿನ ಅರ್ಧ ಕೊಡಗಿನಲ್ಲಿದೆ, ಇನ್ನರ್ಧ ದಕ್ಷಿಣ ಕನ್ನಡದಲ್ಲಿ. ಆದ್ದರಿಂದ ಗೊರಬನ್ನು ತುಳು ಮಾತನಾಡುವವರು ಕೊರಂಬು ಎನ್ನುವುದನ್ನು ದಿನವೂ ಕೇಳುತ್ತೇವೆ. ಗೆರಸೆ ಅವರಿಗೆ ತಡ್ಪೆ, ಚಾಪೆ ಪಜೆ, ಒನಕೆ ಉಜ್ಜೇರ್. ಹಿಡಿಸೂಡಿಯ ಬಗೆಗೆ ಒಂದು ಮಾತು: ಸೂಡಿ ಎಂದರೆ ಕಟ್ಟು, ಹುಲ್ಲಿನ ಸೂಡಿ, ವೀಳ್ಯದೆಲೆಯ ಸೂಡಿ ಎನ್ನುತ್ತೇವಲ್ಲ. ಹಿಡಿಯಲ್ಲಿ ಹಿಡಿಯುವ ಕಡ್ಡಿಯ ಕಟ್ಟು ಹಿಡಿಸೂಡಿ. ಅದನ್ನು ನೋಡದವನಿಗೂ ಹೆಸರೇ ಅದರ ಆಕಾರವನ್ನು ಹೇಳುತ್ತದೆ.

ಕೈಲ್ ಎಂಬ ಪದದ ವಿಷಯದಲ್ಲಿ ಎಚ್ಚರ ಬೇಕು. ತುಳುವಿನಲ್ಲಿ ಕೈಲ್ ಎಂದರೆ ಸೌಟು. ಕೈಲ್‌ಪೊಳ್ದ್‌ನ ಕೈಲ್ ಎಂದರೆ ಆಯುಧ. ಪುತ್ತೂರಿನಿಂದ ಬಂದ ನನ್ನ ಸೋದರತ್ತೆ ಮೊದಲ ವರ್ಷ ಕೈಲ್ ಮುಹೂರ್ತಕ್ಕೆಂದು ಮನೆಯ ಸೌಟುಗಳನ್ನೆಲ್ಲ ಹುಣಿಸೆಹಣ್ಣು ಹಚ್ಚಿ ಉಜ್ಜಿ ಕತ್ತಿಯ ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದರು. ಅಜ್ಜ ಅವನ್ನು ತೆಗೆಸಲಿಲ್ಲ. ಅವಕ್ಕೂ ಗಂಧ ಹಚ್ಚಿದರು, ಮತ್ತು ಆ ಮನೆಯಲ್ಲಿ ಇಂದಿಗೂ ಆ ದಿನ ಸೌಟುಗಳಿಗೆ ಪೂಜೆಯಿದೆ.

ಮಂಜಿನಮನೆ ಅಕ್ಕ, ನಿಮ್ಮ ಹಗ್ಗದ ವಸ್ತುವಿಗೆ ಕನ್ನಡದಲ್ಲಿ ನೆಲುವು ಎಂಬ ಪದವಿದೆ. ಆದರೆ ನಮ್ಮ ಕಡೆ ತುಳುವಿನ ಪ್ರಭಾವದಿಂದ ಸಿಕ್ಕ ಎನ್ನುವವರೇ ಹೆಚ್ಚು. ನಿಮ್ಮ ಅಜ್ಜಿ ಯಾವುದನ್ನು ಬಳಸುತ್ತಿದ್ದರೆಂದು ತಿಳಿಯಬೇಕಾದರೆ ಪದವನ್ನು ನೀವೇ ಹೇಳಿ ಕೇಳಬೇಡಿ, ವಸ್ತುವನ್ನು ಹಿರಿಯರೊಬ್ಬರ ಕೈಗೆ ಕೊಡಿ.

ಮಂಜಿನಮನೆ, ಮಡಿಕೇರಿ

ನೀವು ಹೇಳಿದಂತೆಯೇ ಮಾಡಿದೆ. ನಿನ್ನೆ ಭಾನುವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಅಜ್ಜಿಯ ತಂಗಿಯ ಮನೆಗೆ ಅಮ್ಮನೊಡನೆ ಹೋದೆ. ಅವರಿಗೆ ಈಗ ಎಂಬತ್ತಾರು ವರ್ಷ, ಕಣ್ಣು ಮಂಜಾಗಿದೆ. ಏನನ್ನೂ ಹೇಳದೆ ಅದನ್ನು ಅವರ ಮಡಿಲಲ್ಲಿ ಇಟ್ಟೆವು. ಅವರು ಬೆರಳುಗಳಿಂದ ನಾಲ್ಕು ಎಳೆಗಳನ್ನು ಬಿಡಿಸಿ, ಕೆಳಗಿನ ಬಳೆಯನ್ನು ಸವರಿ, ಕುಣಿಕೆಯನ್ನು ಹಿಡಿದು ಕೈಯನ್ನು ತಲೆಯ ಮೇಲಕ್ಕೆ ಎತ್ತಿದರು. “ಸಿಕ್ಕದಲ್ಲಿ ಇಡು, ಇಲ್ಲದಿದ್ದರೆ ಬೆಕ್ಕು ಬಾಯಿ ಹಾಕುತ್ತದೆ” ಎಂದರು, ಎದುರಿಗಿದ್ದ ನಮಗೆ ಹೇಳಿದಂತಿರಲಿಲ್ಲ, ಬೇರೆ ಯಾರಿಗೋ ಹೇಳಿದಂತಿತ್ತು. ಅಮ್ಮನಿಗೆ ಆ ಕ್ಷಣವೇ ನೆನಪಾಯಿತು. ಹಾಲು ಕಾಯಿಸಿದ ಮೇಲೆ ದಿನವೂ ಅಜ್ಜಿ ಹೇಳುತ್ತಿದ್ದ ಮಾತು ಅದೇ ಅಂತೆ.

ಸಿಕ್ಕ, ಸಂಪಾಜೆ, ಹಾಲಿನ ಮಡಕೆಯನ್ನು ಇಡಲು, ಎಂದು ಟಿಪ್ಪಣಿಪುಸ್ತಕದಲ್ಲಿ ಬರೆದಿದ್ದೇನೆ. ಅದನ್ನು ನಮ್ಮ ಅಡುಗೆಮನೆಯ ತೊಲೆಗೆ ಕಟ್ಟಿದ್ದೇವೆ. ಹಗ್ಗ ಹಳೆಯದಾಗಿರುವುದರಿಂದ ಹೆಚ್ಚಿನ ಭಾರ ಹಾಕಲು ಧೈರ್ಯವಿಲ್ಲ, ಸದ್ಯಕ್ಕೆ ಒಂದು ಸಣ್ಣ ಕುಕ್ಕೆಯಲ್ಲಿ ಬೆಳ್ಳುಳ್ಳಿ ಇಟ್ಟಿದ್ದೇವೆ. ಹೊಸ ಹಗ್ಗದಲ್ಲಿ ಇದನ್ನು ಹೆಣೆಯಲು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.